ಯುವಜನರ ಮನಸ್ಸಿನ ಆರೋಗ್ಯ: ಬಳ್ಳಾರಿಯಿಂದ ಯುವ ಸ್ಪಂದನದವರೆಗೆ

ಮಾನಸಿಕ ಚಿಕಿತ್ಸೆ ಎಂದರೆ ಒಂದು ಕಾಲದಲ್ಲಿ ರಾಜ್ಯದ ಹೆಚ್ಚಿನ ಹಳ್ಳಿಗಳಿಗೆ ಬೆಂಗಳೂರು ಅಥವಾ ಧಾರವಾಡದ ದೊಡ್ಡಾಸ್ಪತ್ರೆ ಎಂದೇ ಅರ್ಥ. ದಾರಿ ದೂರ, ಖರ್ಚು ಹೆಚ್ಚು. ಅದಕ್ಕಿಂತ ದೊಡ್ಡದು "ಊರಿನವರು ಏನೆನ್ನುತ್ತಾರೋ" ಎಂಬ ಭಯ.

ಈ ದೂರವನ್ನು ತಗ್ಗಿಸಿದ್ದು ಬಳ್ಳಾರಿ. 1985ರಿಂದ ನಿಮ್ಹಾನ್ಸ್ ಅಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಸುಮಾರು 20 ಲಕ್ಷ ಜನರಿದ್ದ ಜಿಲ್ಲೆಯಲ್ಲಿ ಊರ ಹತ್ತಿರವೇ ಔಷಧ ಸಿಗುವಂತೆ ಮಾಡಿತು. ಇದೇ ಮಾದರಿಯಲ್ಲಿ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಆದರೆ ಆಗ ಯುವಜನರು ಬರೀ ರೋಗಿಗಳು.

ಮುಂದಿನ ಹೆಜ್ಜೆ ಬಂದದ್ದು ಕರ್ನಾಟಕ ಯುವ ನೀತಿ 2012ರ ನಂತರ. ಕ್ರೀಡಾ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ "ಯುವ ಸ್ಪಂದನ" ಕೇಂದ್ರಗಳನ್ನು ತೆರೆದವು. ಅವು ಇರುವುದು ಆಸ್ಪತ್ರೆಯಲ್ಲಲ್ಲ, ಜಿಲ್ಲಾ ಕ್ರೀಡಾಂಗಣದಲ್ಲಿ. ಆಟದ ಮೈದಾನಕ್ಕೆ ಹೋದ ಹುಡುಗನನ್ನು ಯಾರೂ ಏಕೆಂದು ಕೇಳುವುದಿಲ್ಲ ತಾನೇ? ಅಲ್ಲಿ ಮಾತು ಕೇಳುವವರೂ ತರಬೇತಿ ಪಡೆದ ಯುವಜನರೇ. ಅವರ ಹೆಸರು ಯುವ ಪರಿವರ್ತಕರು. ಪರೀಕ್ಷೆ, ಪ್ರೀತಿ, ಮನೆಯ ಜಗಳ, ಯಾವುದನ್ನಾದರೂ ಹೇಳಿಕೊಳ್ಳಬಹುದು.

ಹೀಗೆ ರೋಗಿಯಾಗಿದ್ದವರು ನೆರವಾಗುವವರಾದರು. ಆದರೆ ಕೇಂದ್ರ ಎಲ್ಲಿರಬೇಕು, ಎಷ್ಟು ಹೊತ್ತಿಗೆ ತೆರೆಯಬೇಕು ಎಂದು ಹೇಳುವ ಜಾಗದಲ್ಲೂ ಯುವಜನರು ಕೂರಬೇಕಲ್ಲವೇ? ಉಜಿರೆಯಿಂದ ಮಂಗಳೂರಿಗೆ 60 ಕಿ.ಮೀ.ಗಿಂತ ಹೆಚ್ಚು. ಕಾಲೇಜು ಬಿಟ್ಟು ಸಂಜೆ ಬಸ್ಸಿಗೆ ಓಡುವ ಹುಡುಗಿಗೆ ಅದು ಹತ್ತಿರವಲ್ಲ. ಇದನ್ನು ಅವಳಷ್ಟು ಚೆನ್ನಾಗಿ ಹೇಳಬಲ್ಲವರು ಯಾರು?

ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಆರಂಭವಾದ "ಹೆಡ್‌ಸ್ಪೇಸ್" ಕೇಂದ್ರಗಳು ಯುವಜನರ ಸಲಹಾ ಗುಂಪುಗಳನ್ನು ಇಟ್ಟುಕೊಂಡಿವೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 1990ರ ದಶಕದಲ್ಲಿ, ಆಗ ನಮ್ಮದೇ ಜಿಲ್ಲೆಯಲ್ಲಿದ್ದ ಕುಂದಾಪುರ ತಾಲೂಕಿನಲ್ಲಿ ಮಕ್ಕಳ ಪಂಚಾಯತ್ ನಡೆದಿತ್ತು. ಇಂದು ರಾಜ್ಯದ ಗ್ರಾಮ ಪಂಚಾಯತ್‌ಗಳಲ್ಲಿ ಮಕ್ಕಳ ಗ್ರಾಮಸಭೆ ಇದೆ. ಶಾಲೆಯ ಶೌಚಾಲಯದ ಬಗ್ಗೆ ಅಲ್ಲಿ ಮಾತಾಡಬಹುದಾದರೆ, ಮನಸ್ಸಿನ ಕಷ್ಟದ ಬಗ್ಗೆಯೂ ಮಾತಾಡಬಹುದು. ನಿಮ್ಮೂರ ಯುವಕ ಮಂಡಲ, ಯುವತಿ ಮಂಡಲ ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಲಿ.

ಅಲ್ಲಿಯವರೆಗೂ ಕಾಯಲಾಗದವರು ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಇದು ಉಚಿತ, ದಿನದ 24 ಗಂಟೆಯೂ ಲಭ್ಯ. ಕನ್ನಡದಲ್ಲೇ ಮಾತಾಡಬಹುದು.