ತೆಂಗಿನ ಸೀಮೆಯಲ್ಲಿ ಜಿಡ್ಡಿನ ಪ್ರಶ್ನೆ: ತುಮಕೂರು, ಗುಬ್ಬಿ, ಕುಣಿಗಲ್ ಊಟದ ಹಿನ್ನೆಲೆಯಲ್ಲಿ ಒಂದು ವಿಚಾರ

ತುಮಕೂರು ಜಿಲ್ಲೆಯಲ್ಲಿ ಹೃದ್ರೋಗದ ಮಾತು ಬಂದಾಗಲೆಲ್ಲ ತೆಂಗಿನ ಮಾತೂ ಬರುತ್ತದೆ. ಎದೆನೋವು ಕಂಡವರಿಗೆ ‘ಕಾಯಿ ಬಿಟ್ಟುಬಿಡಿ’ ಎಂಬ ಸಲಹೆ ಸಿಗುತ್ತದೆ. ‘ಕೊಬ್ಬರಿ ಎಣ್ಣೆಯೇ ಹೃದಯಕ್ಕೆ ಔಷಧ’ ಎಂಬ ಪ್ರಚಾರವೂ ಅಷ್ಟೇ ಜೋರಾಗಿದೆ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ದರವನ್ನು ನಂಬಿ ಬದುಕುವ ಗುಬ್ಬಿಯ ರೈತನಿಗೆ ಈ ವಿವಾದ ಅನ್ನದ ಪ್ರಶ್ನೆಯೂ ಹೌದು. ಎರಡೂ ಪಕ್ಷಗಳು ಒಂದೇ ಕಡೆ ಎಡವುತ್ತಿವೆ ಎಂಬುದು ಈ ಲೇಖನದ ವಾದ. ಎಣ್ಣೆಯ ಮೇಲೆ ನಡೆದ ಸಂಶೋಧನೆಯನ್ನು ಅವು ಕಾಯಿತುರಿಗೆ ಹೊರಿಸುತ್ತವೆ. ತಟ್ಟೆಯಲ್ಲಿ ಯಾವುದರ ಜಾಗಕ್ಕೆ ಯಾವುದು ಬಂತು ಎಂದು ವಿಚಾರಿಸುವುದೇ ಇಲ್ಲ.

ವಿವಾದದ ಮೂಲ ಹಳೆಯದು. ಆಹಾರದ ಕೊಬ್ಬಿಗೂ ಹೃದ್ರೋಗದ ಸಾವಿಗೂ ನಂಟಿದೆಯೆಂದು ಅಮೆರಿಕದ ಆನ್ಸೆಲ್ ಕೀಸ್ 1953ರಲ್ಲಿ ವಾದಿಸಿದರು; 1958ರಲ್ಲಿ ಆರಂಭವಾದ ಅವರ ಏಳು ದೇಶಗಳ ಅಧ್ಯಯನದಲ್ಲಿ ಭಾರತ ಇರಲಿಲ್ಲ. ನಮ್ಮ ಮಟ್ಟಿಗೆ ಹೆಚ್ಚು ಕುತೂಹಲಕರವಾದದ್ದು ರೈಲ್ವೆ ವೈದ್ಯಾಧಿಕಾರಿ ಎಸ್.ಎಲ್. ಮಲ್ಹೋತ್ರಾ 1967ರಲ್ಲಿ ಪ್ರಕಟಿಸಿದ ಅಧ್ಯಯನ. ಹಾಲು, ತುಪ್ಪ ಧಾರಾಳವಾಗಿ ತಿನ್ನುವ ಉತ್ತರದ ರೈಲ್ವೆ ನೌಕರರಿಗಿಂತ, ಕಡಿಮೆ ಜಿಡ್ಡು ತಿನ್ನುವ, ಅದನ್ನೂ ಬೀಜದ ಎಣ್ಣೆಯಿಂದಲೇ ಪಡೆಯುವ ದಕ್ಷಿಣದ ನೌಕರರಲ್ಲಿ ಹೃದ್ರೋಗದ ಸಾವು ಸುಮಾರು 7 ಪಟ್ಟು ಹೆಚ್ಚೆಂದು ಅವರು ಕಂಡರು. ಗುಬ್ಬಿ, ತುಮಕೂರು ನಿಲ್ದಾಣಗಳೂ ಅಂದು ದಕ್ಷಿಣ ರೈಲ್ವೆಗೇ ಸೇರಿದ್ದವು. ತುಪ್ಪದ ಪರ ವಾದಿಸುವವರು ಮಲ್ಹೋತ್ರಾ ಅವರ ಅಧ್ಯಯನವನ್ನು ಇಂದಿಗೂ ಎತ್ತಿ ಹಿಡಿಯುತ್ತಾರೆ. ಆದರೆ ಎರಡು ಸೀಮೆಗಳ ನಡುವೆ ಊಟವೊಂದೇ ಬೇರೆಯಲ್ಲ; ಕೆಲಸ, ಮೈಕಟ್ಟು, ರೋಗ ಗುರುತಿಸುವ ಬಗೆ ಎಲ್ಲವೂ ಬೇರೆ. ಕೀಸ್ ಅವರ ವಿರುದ್ಧ ಎತ್ತಿದ ಈ ಆಕ್ಷೇಪವೇ ಮಲ್ಹೋತ್ರಾ ಅವರಿಗೂ ಅನ್ವಯಿಸುತ್ತದೆ.

ಕೊಬ್ಬರಿ ಎಣ್ಣೆಯ ವಿಷಯದಲ್ಲಿ ಪುರಾವೆ ಇದಕ್ಕಿಂತ ಗಟ್ಟಿಯಾಗಿದೆ. ಅದರಲ್ಲಿ ಹತ್ತಿರ ಹತ್ತಿರ ಶೇ 90ರಷ್ಟು ಪರ್ಯಾಪ್ತ ಕೊಬ್ಬು, ಅಂದರೆ ವೈದ್ಯರು ಸ್ಯಾಚುರೇಟೆಡ್ ಎನ್ನುವ ಕೊಬ್ಬು, ಇದೆ. 16 ಪ್ರಯೋಗಗಳನ್ನು ಒಟ್ಟುಗೂಡಿಸಿದ 2020ರ ವಿಶ್ಲೇಷಣೆಯೊಂದರ ಪ್ರಕಾರ, ಇತರ ಅಡುಗೆ ಎಣ್ಣೆಗಳಿಗೆ ಹೋಲಿಸಿದರೆ ಅದು ಕೆಟ್ಟ ಕೊಲೆಸ್ಟ್ರಾಲ್ ಎನಿಸಿದ ಎಲ್‌ಡಿಎಲ್ ಅನ್ನು ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂ ಏರಿಸುತ್ತದೆ. ಕೇರಳದಲ್ಲಿ 200 ಹೃದ್ರೋಗಿಗಳ ಮೇಲೆ ಎರಡು ವರ್ಷ ನಡೆದು 2016ರಲ್ಲಿ ವರದಿಯಾದ ಪ್ರಯೋಗದಲ್ಲಿ ಕೊಬ್ಬರಿ ಎಣ್ಣೆಗೂ ಸೂರ್ಯಕಾಂತಿ ಎಣ್ಣೆಗೂ ವ್ಯತ್ಯಾಸ ಕಾಣಲಿಲ್ಲ. ನಿಜ, ಆದರೆ ಆ ರೋಗಿಗಳು ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಗಳನ್ನೂ ನುಂಗುತ್ತಿದ್ದರು. ಇಷ್ಟನ್ನು ನೋಡಿದ ಮೇಲೆ ಕೊಬ್ಬರಿ ಎಣ್ಣೆಯನ್ನು ಔಷಧವೆಂದು ಮಾರುವುದು ಸರಿಯಲ್ಲ ಎಂದೇ ನಾನು ಹೇಳುತ್ತೇನೆ.

ಈಗ ನಮ್ಮ ಅಡುಗೆಮನೆಗೆ ಬರೋಣ. ಈ ಸೀಮೆಯಲ್ಲಿ ಕೊಬ್ಬರಿ ಎಣ್ಣೆ ಹೆಚ್ಚಾಗಿ ತಲೆಗೆ. ಒಗ್ಗರಣೆಗೆ ಕಡಲೆಕಾಯಿ ಎಣ್ಣೆ, ಹಿಂದೆ ಹುಚ್ಚೆಳ್ಳೆಣ್ಣೆಯೂ ಇತ್ತು. ಈಗ ಸೂರ್ಯಕಾಂತಿ ಎಣ್ಣೆ, ಪಾಮಾಯಿಲ್. ಕಾಯಿ ಊಟಕ್ಕೆ ಬರುವುದು ಸಾರಿಗೆ ರುಬ್ಬಿದ ಖಾರದಲ್ಲಿ, ಪಲ್ಯದ ಮೇಲಿನ ತುರಿಯಾಗಿ, ಚಟ್ನಿಯಾಗಿ. ಲೆಕ್ಕ ಹಾಕಿ ನೋಡಬಹುದು. 100 ಗ್ರಾಂ ಹಸಿ ಕಾಯಿಯಲ್ಲಿ 33ರಿಂದ 41 ಗ್ರಾಂ ಜಿಡ್ಡಿರುತ್ತದೆ. ಒಬ್ಬರ ಪಾಲಿಗೆ ದಿನಕ್ಕೆ 25 ಗ್ರಾಂ ತುರಿ ಎಂದುಕೊಂಡರೆ ಜಿಡ್ಡು 8ರಿಂದ 10 ಗ್ರಾಂ, ಅದರಲ್ಲಿ ಪರ್ಯಾಪ್ತ ಕೊಬ್ಬು 7ರಿಂದ 9 ಗ್ರಾಂ. ದಿನದ ಶಕ್ತಿಯಲ್ಲಿ ಪರ್ಯಾಪ್ತ ಕೊಬ್ಬಿನ ಪಾಲು ಶೇ 10 ಮೀರಬಾರದೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ, 2000 ಕ್ಯಾಲೊರಿ ಉಣ್ಣುವವರಿಗೆ ಸುಮಾರು 22 ಗ್ರಾಂ ಆಗುತ್ತದೆ. ಹಾಗಾಗಿ ಮುದ್ದೆ, ಹುರುಳಿಕಾಳಿನ ಸಾರು, ಅದಕ್ಕೆ ರುಬ್ಬಿದ ಕಾಯಿ, ಒಂದು ಚಮಚ ತುಪ್ಪ ಇಷ್ಟೂ ಮಿತಿಯೊಳಗೇ ಉಳಿಯುತ್ತವೆ. ಮಿತಿ ದಾಟಿಸುವುದು ಅದರ ಮೇಲೆ ಬರುವ ಬೋಂಡ, ಬೇಕರಿಯ ಪಫ್ಸು, ತಟ್ಟೆಇಡ್ಲಿಯ ಮೇಲಿನ ಬೆಣ್ಣೆಮುದ್ದೆ. ಇನ್ನೊಂದು ಮಾತು: ತುರಿಯಲ್ಲಿ ನಾರು ಉಳಿದಿರುತ್ತದೆ, ಗಾಣಕ್ಕೆ ಹೋದರೆ ಅದು ಹಿಂಡಿಯ ಪಾಲು. ಎಣ್ಣೆಯ ಪ್ರಯೋಗದ ಫಲಿತಾಂಶವನ್ನು ತುರಿಗೆ ನೇರವಾಗಿ ಅಂಟಿಸಲಾಗದು ಎನ್ನುವುದಕ್ಕೆ ಇದೂ ಕಾರಣ.

ಜಿಡ್ಡನ್ನು ತೆಗೆದರೆ ಆ ಜಾಗಕ್ಕೆ ಏನು ಬರುತ್ತದೆ? ಪರ್ಯಾಪ್ತ ಕೊಬ್ಬು ಕಡಿಮೆ ಮಾಡಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಸುಮಾರು ಶೇ 17ರಷ್ಟು ಇಳಿಯುತ್ತವೆಂದು 2020ರ ಕಾಕ್ರೇನ್ ವಿಮರ್ಶೆ ತೋರಿಸಿತು. ಒಟ್ಟು ಸಾವಿನ ಮೇಲೆ ಪರಿಣಾಮ ತೀರ ಕಡಿಮೆ. ಭಾರತವೂ ಸೇರಿ 18 ದೇಶಗಳನ್ನೊಳಗೊಂಡ 2017ರ ಪ್ಯೂರ್ ಅಧ್ಯಯನದಲ್ಲಿ, ಶರ್ಕರಪಿಷ್ಟವನ್ನೇ ಅತಿಯಾಗಿ ಉಣ್ಣುವವರಲ್ಲಿ ಸಾವು ಹೆಚ್ಚು ಕಂಡಿತು. ಅಂಥವರಲ್ಲಿ ಬಡವರೇ ಹೆಚ್ಚೆಂಬ ಟೀಕೆ ನ್ಯಾಯವಾದದ್ದೇ. ಆದರೂ ನಮ್ಮ ಜನಕ್ಕೆ ಅದರಲ್ಲಿ ಪಾಠವಿದೆ: ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ 2025ರ ವರದಿಯಂತೆ ಭಾರತೀಯರ ಶಕ್ತಿಯ ಶೇ 62ರಷ್ಟು ಶರ್ಕರಪಿಷ್ಟದಿಂದಲೇ ಬರುತ್ತದೆ, ಅದೂ ಪಾಲಿಶ್ ಮಾಡಿದ ಅಕ್ಕಿ, ಸಕ್ಕರೆಯಂಥವುಗಳಿಂದ. ತುಮಕೂರಿಗೆ 70 ಕಿಲೋಮೀಟರು ದೂರದ ಬೆಂಗಳೂರಿನಲ್ಲಿ ಪ್ರೇಮ್ ಪೈಸ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನವೂ ಜಿಡ್ಡಿನಾಚೆಗೇ ಬೆರಳು ತೋರಿಸಿತ್ತು. ಮೊದಲ ಹೃದಯಾಘಾತಕ್ಕೊಳಗಾದ 200 ಜನರಲ್ಲಿ ಬೀಡಿ-ಸಿಗರೇಟೇ ಮುಖ್ಯ ಅಪಾಯ. ನಂತರ ರಕ್ತದೊತ್ತಡ, ರಕ್ತದ ಸಕ್ಕರೆ, ಹೊಟ್ಟೆಯ ಬೊಜ್ಜು. ಕೊಲೆಸ್ಟ್ರಾಲಿನ ಅಂಕಿಗಳು ಅಲ್ಲಿ ನಂಟು ತೋರಲಿಲ್ಲ. ಕಾಯಿ ಬಿಡಿಸಿದ ರೋಗಿ ಸಪ್ಪೆ ಸಾರಿನೊಡನೆ ಇನ್ನೆರಡು ಹಿಡಿ ಬಿಳಿ ಅನ್ನ ಉಂಡು, ಊಟವಾದ ಮೇಲೆ ಬೀಡಿ ಹಚ್ಚಿದರೆ ಅವನ ಹೃದಯಕ್ಕೆ ನಾವು ಯಾವ ಉಪಕಾರವನ್ನೂ ಮಾಡಿದಂತಾಗಲಿಲ್ಲ.

ಬದಲಿಗೆ ಕಾಳಜಿ ಹರಿಯಬೇಕಾದದ್ದು ಕರಿದ ಎಣ್ಣೆಯ ಕಡೆಗೆ. ಆಹಾರದ ಎಣ್ಣೆ-ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ಶೇ 2 ಮೀರಬಾರದೆಂಬ ನಿಯಮ 2022ರಿಂದ ಇದೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕೆಟ್ಟ ಸಂಯುಕ್ತಗಳು ಶೇ 25 ದಾಟಿದರೆ ಅದನ್ನು ಬಳಸಕೂಡದೆಂಬ ನಿಯಮ 2018ರಿಂದಲೇ ಇದೆ. ತುಮಕೂರಿನ ಬಸ್ ನಿಲ್ದಾಣದ ಸುತ್ತಲಿನ ಬಾಣಲೆಗಳಲ್ಲಿ, ಕುಣಿಗಲ್ ಮೂಲಕ ಹಾಯುವ ಹೆದ್ದಾರಿಯ ಹೋಟೆಲುಗಳಲ್ಲಿ ಇದನ್ನು ಅಳೆದು ನೋಡುವುದು ಕಷ್ಟದ ಕೆಲಸವಲ್ಲ, ಕೈಯಲ್ಲಿ ಹಿಡಿಯುವ ಮೀಟರೇ ಸಾಕು. ತುಮಕೂರಿನಲ್ಲಿ ಸಿದ್ಧಾರ್ಥ ಮತ್ತು ಸಿದ್ಧಗಂಗಾ ಎಂಬ ಎರಡು ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ವಿದ್ಯಾರ್ಥಿಗಳು ಹೃದ್ರೋಗಿಯ ಊಟ ಬರೆದುಕೊಳ್ಳುವಾಗ ‘ತೆಂಗು: ಹೌದು/ಇಲ್ಲ’ ಎಂಬ ಒಂದೇ ಸಾಲಿಗೆ ನಿಲ್ಲಬಾರದು. ತುರಿ ಎಷ್ಟು, ಎಣ್ಣೆ ಯಾವುದು, ಮನೆಯಲ್ಲಿ ಕರಿದದ್ದೋ ಹೊರಗಿನದೋ, ರಾತ್ರಿಗೆ ಮುದ್ದೆಯೋ ಅನ್ನವೋ, ಬೀಡಿ ದಿನಕ್ಕೆ ಎಷ್ಟು ಎಂದು ಬೇರೆ ಬೇರೆಯಾಗಿ ದಾಖಲಿಸಬೇಕು.