ಅಕ್ಷರ ಕಲಿಯದ ಈರಮ್ಮನ ಏಳು ಸಾವಿರ ಪುಟ

ಕಳೆದ ಬೇಸಿಗೆ ರಜೆಯಲ್ಲಿ ಒಂದು ಸಂಜೆ ಬಳ್ಳಾರಿಯ ಗಾಂಧಿನಗರದಲ್ಲಿ ಪರಿಚಯದವರ ಮನೆಯ ಕಟ್ಟೆ ಮೇಲೆ ಕುಳಿತಿದ್ದೆವು. ಕರೆಂಟ್ ಹೋಗಿತ್ತು. ಬಳ್ಳಾರಿಯ ಸೆಖೆ ನಿಮಗೆ ಗೊತ್ತೇ ಇದೆ. ಒಳಗೆ ಕೂರಲಾಗದೆ ಓಣಿಯ ಏಳೆಂಟು ಹುಡುಗ ಹುಡುಗಿಯರು ಹೊರಗೆ ಬಂದಿದ್ದರು. ಎಲ್ಲರ ಕೈಯಲ್ಲೂ ಮೊಬೈಲ್, ಎಲ್ಲರ ಮುಖದ ಮೇಲೂ ಅದರದೇ ಬೆಳಕು.

ಸುಮ್ಮನೆ ಮಾತಿಗೆಳೆಯೋಣ ಅಂತ ಕೇಳಿದೆವು: "ಕುಮಾರರಾಮ ಯಾರು ಗೊತ್ತೇನ್ರೋ?"

ಒಬ್ಬ ತಲೆ ಎತ್ತದೆ ಹೇಳಿದ: "ಶಿವಣ್ಣನ ಪಿಚ್ಚರ್ ಅಲ್ಲೇನ್ರಿ?"

ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆ ಸಿನಿಮಾ 2006ರಲ್ಲಿ ಬಂದಿತ್ತು. ಆದರೆ ಕುಮಾರರಾಮನ ತಂದೆ ಆಳಿದ ಕಂಪ್ಲಿ ನಮ್ಮದೇ ಜಿಲ್ಲೆಯಲ್ಲಿದೆ. ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಅಷ್ಟು ಹತ್ತಿರದ ಊರಿನ ಕಥೆ ಈ ಮಕ್ಕಳಿಗೆ ಸಿನಿಮಾ ಹೆಸರಾಗಿ ಮಾತ್ರ ಉಳಿದಿದೆ.

ಕತ್ತಲಲ್ಲೇ ನಮಗೆ ಬಂದಷ್ಟು ಕಥೆ ಹೇಳಿದೆವು. ಮಲತಾಯಿ ರತ್ನಾಜಿ ಕುಮಾರರಾಮನನ್ನು ಬಯಸಿದ್ದು, ಅವನು ಒಪ್ಪದಾಗ ಅವನ ಮೇಲೇ ಅಪವಾದ ಹೊರಿಸಿದ್ದು, ತಂದೆ ಸಿಟ್ಟಿನಲ್ಲಿ ಮಗನ ತಲೆ ತರಲು ಹೇಳಿದ್ದು, ಮಂತ್ರಿ ಬೈಚಪ್ಪ ಅವನನ್ನು ನೆಲಮನೆಯಲ್ಲಿ ಬಚ್ಚಿಟ್ಟದ್ದು. ಅಷ್ಟು ಹೇಳುವ ಹೊತ್ತಿಗೆ ಕರೆಂಟ್ ಬಂತು. ಫ್ಯಾನ್ ತಿರುಗುವ ಸದ್ದು ಕೇಳಿದರೂ ಒಬ್ಬರೂ ಎದ್ದು ಹೋಗಲಿಲ್ಲ. ಪಿಚ್ಚರ್ ಅಂದಿದ್ದ ಹುಡುಗನೇ ಕೇಳಿದ: "ಮುಂದೇನಾತ್ರಿ ಅಣ್ಣ?"

ನಾವು ಒಳ್ಳೆಯ ಕಥೆಗಾರರೇನಲ್ಲ. ಹೆಸರು ಮರೆತೆವು, ಹಿಂದುಮುಂದು ಮಾಡಿದೆವು. ಆದರೂ ಅವರು ಕೇಳಿದರು. ಆಗ ನಮಗೆ ನೆನಪಾದದ್ದು ದರೋಜಿ ಈರಮ್ಮ.

ತಲೆಯೊಳಗಿನ ಗ್ರಂಥಾಲಯ

ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಅರೆ ಅಲೆಮಾರಿ ಬುಡ್ಗ ಜಂಗಮ ಸಮುದಾಯದವರು. ನಾಡಿಗೆಲ್ಲ ಬುರ್ರಕಥಾ ಈರಮ್ಮ ಎಂದೇ ಪರಿಚಿತರು. ಶಾಲೆಗೆ ಹೋದವರಲ್ಲ, ಓದು ಬರಹ ಬರುತ್ತಿರಲಿಲ್ಲ. ಚಿಕ್ಕವರಿದ್ದಾಗಲೇ ತಂದೆಯ ಹಿಂದೆ ಊರೂರು ಅಲೆಯುತ್ತ, ಅವರು ಹಾಡುವುದನ್ನು ಕೇಳಿ ಕೇಳಿ ಕಲಿತರು. ಕುಮಾರರಾಮ, ಬಬ್ಬುಲಿ ನಾಗಿರೆಡ್ಡಿ, ಬಾಲನಾಗಮ್ಮ, ಜೈಸಿಂಗರಾಜ ಹೀಗೆ 12 ಕಾವ್ಯಗಳು ಅವರ ನೆನಪಿನಲ್ಲಿದ್ದವು. ಬರಹಕ್ಕೆ ಇಳಿಸಿದರೆ ಸುಮಾರು 7,000 ಪುಟ ಎನ್ನುವುದು ಲೆಕ್ಕ. ನಮ್ಮ ಡಿಪ್ಲೊಮಾದ ಪುಸ್ತಕಗಳನ್ನೆಲ್ಲ ಒಟ್ಟು ಹಾಕಿದರೂ ಅಷ್ಟು ಪುಟ ಆಗಲಿಕ್ಕಿಲ್ಲ, ಅದರಲ್ಲಿ ನಮಗೆ ಬಾಯಿಗೆ ಬರುವುದು ಒಂದು ಪುಟವೂ ಇಲ್ಲ.

1999ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. ಆಮೇಲೆ ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. 2014ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಅಕ್ಷರ ಕಲಿಯದ ಹೆಣ್ಣುಮಗಳನ್ನು ವಿಶ್ವವಿದ್ಯಾಲಯವೊಂದು ಗುರು ಎಂದು ಒಪ್ಪಿಕೊಂಡ ಜಿಲ್ಲೆ ನಮ್ಮದು. ಇದನ್ನು ನಮ್ಮ ಶಾಲೆಗಳಲ್ಲಿ ಎಷ್ಟು ಮಕ್ಕಳಿಗೆ ಹೇಳಿದ್ದೇವೆ?

ಮೂವರು ಸೇರಿ ಮಾಡುವ ಪಾಠ

ಬುರ್ರ ಎಂದರೆ ಬುರುಡೆ. ಕಥೆಗಾರರು ಹಿಡಿಯುವ ತಂಬೂರಿಯ ಬುರುಡೆಯಿಂದ ಈ ಹೆಸರು ಬಂತು ಎನ್ನುತ್ತಾರೆ. ಸಾಮಾನ್ಯವಾಗಿ ಮೂವರು ಇರುತ್ತಾರೆ. ನಡುವೆ ನಿಂತವರು ತಂಬೂರಿ ಮೀಟುತ್ತ, ಬೆರಳಿನ ಬಳೆಯಿಂದ ತಾಳ ಹಾಕುತ್ತ ಕಥೆ ನಡೆಸುತ್ತಾರೆ. ಎಡಬಲದವರು ಮಣ್ಣಿನ ವಾದ್ಯ ಬಾರಿಸುತ್ತ ಸೊಲ್ಲು ಸೇರಿಸುತ್ತಾರೆ. ಒಬ್ಬರು ನಗಿಸುತ್ತಾರೆ, ಇನ್ನೊಬ್ಬರು ಇವತ್ತಿನ ಊರು, ಇವತ್ತಿನ ಸರ್ಕಾರ, ಇವತ್ತಿನ ಬೆಲೆ ಏರಿಕೆಯ ಮಾತನ್ನು ಕಥೆಯೊಳಗೆ ತಂದು ಸೇರಿಸುತ್ತಾರೆ.

ಇದರಲ್ಲಿ ಮೇಷ್ಟ್ರುಗಳು ಗಮನಿಸಬೇಕಾದ ಒಂದು ಸಂಗತಿ ಇದೆ. ಪಕ್ಕದವರು ನಡುನಡುವೆ "ಹೌದಾ?", "ಯಾಕಂತೆ?", "ಆಮೇಲೆ?" ಎಂದು ಕೇಳುತ್ತಲೇ ಇರುತ್ತಾರೆ. ಕೇಳುವ ಜನರ ಮನಸ್ಸಿನಲ್ಲಿರುವ ಪ್ರಶ್ನೆಯನ್ನು ಅವರೇ ಎತ್ತುತ್ತಾರೆ. ಹಿಂದಿನ ಸಾಲಲ್ಲಿ ಕುಳಿತು ಕೇಳಲು ಅಂಜುವ ಹುಡುಗಿಯ ಅನುಮಾನವೂ ಅಲ್ಲಿ ಬಗೆಹರಿಯುತ್ತದೆ. ಮುಖ್ಯ ಸಂಗತಿ ಎರಡು ಮೂರು ಸಲ ಬೇರೆ ಬೇರೆ ಬಾಯಿಂದ ಬರುವುದರಿಂದ ನೆನಪಿನಲ್ಲಿ ನಿಲ್ಲುತ್ತದೆ. ಹಾಡು ಬಂದಾಗ ದಣಿದ ಕಿವಿಗೆ ವಿರಾಮ ಸಿಗುತ್ತದೆ, ಮಾತು ಬಂದಾಗ ಕಥೆ ಓಡುತ್ತದೆ.

ಈ ಶಕ್ತಿಯನ್ನು ಬೇರೆಯವರೂ ಗುರುತಿಸಿದ್ದರು. 1940ರ ದಶಕದಲ್ಲಿ ಆಂಧ್ರದ ಪ್ರಜಾ ನಾಟ್ಯ ಮಂಡಳಿಯವರು ಬಂಗಾಳದ ಬರ, ಜಮೀನ್ದಾರರ ದಬ್ಬಾಳಿಕೆಯಂಥ ವಿಷಯಗಳನ್ನು ಬುರ್ರಕಥೆ ಮಾಡಿ ಹಳ್ಳಿಗಳಲ್ಲಿ ಹಾಡಿದರು. ಅವರಲ್ಲಿ ದೊಡ್ಡ ಹೆಸರು ಶೇಖ್ ನಾಜರ್ ಅವರದು, 1986ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮದ್ರಾಸ್ ಸರ್ಕಾರವೂ ಹೈದರಾಬಾದಿನ ನಿಜಾಮರ ಸರ್ಕಾರವೂ ಬುರ್ರಕಥೆಗೆ ನಿಷೇಧ ಹಾಕುವಷ್ಟು ಅದು ಜನರನ್ನು ಮುಟ್ಟಿತ್ತು. ನಮ್ಮ ಬಳ್ಳಾರಿಯೂ ಆಗ ಮದ್ರಾಸಿಗೇ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರ್ 1ರಂದು. ಆದೋನಿ, ಆಲೂರು, ರಾಯದುರ್ಗ ಆ ಕಡೆ ಉಳಿದವು. ಗಡಿ ಗೆರೆ ಬಿದ್ದರೂ ಕಥೆ ಹೇಳುವವರ ತಿರುಗಾಟ ನಿಲ್ಲಲಿಲ್ಲ. ಮನೆಯಲ್ಲಿ ತೆಲುಗು, ಊರಿನ ಕಟ್ಟೆಯಲ್ಲಿ ಕನ್ನಡ ಅವರಿಗೆ ಸಲೀಸಾಗಿತ್ತು.

1990ರ ಹೊತ್ತಿಗೆ ಭಾರತ ಜ್ಞಾನ ವಿಜ್ಞಾನ ಜಾಥಾ ದೇಶದ ತುಂಬ ಹೊರಟಾಗ ಸಾಕ್ಷರತೆಯ ಸಂದೇಶ ಹೊತ್ತದ್ದೂ ಹಾಡು, ಬೀದಿ ನಾಟಕಗಳೇ. ಅಕ್ಷರ ಕಲಿಯಿರಿ ಎಂದು ಹೇಳುವುದಕ್ಕೂ ಅಕ್ಷರ ಬೇಡದ ಕಲೆಯೇ ಬೇಕಾಯಿತು.

ತೊಗಲಿನಲ್ಲಿ ನಡೆದ ಗಾಂಧಿ

ಬಳ್ಳಾರಿಯ ಇನ್ನೊಬ್ಬ ನಾಡೋಜ ಬೆಳಗಲ್ಲು ವೀರಣ್ಣ. ಬಯಲಾಟ, ನಾಟಕಗಳಲ್ಲಿ ಪಳಗಿದ ಅವರು ತೊಗಲುಗೊಂಬೆ ಹಿಡಿದರು. ರಾಮಾಯಣ ಹೇಳುತ್ತಿದ್ದ ಗೊಂಬೆಗಳಿಂದ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ, ಗಾಂಧಿಯ ಕಥೆಯನ್ನೂ ಹೇಳಿಸಿದರು. ನಮ್ಮ ಗಾಂಧಿನಗರಕ್ಕೆ ಯಾರ ಹೆಸರಿದೆಯೋ ಆ ಮನುಷ್ಯ ಪರದೆಯ ಹಿಂದೆ ಕೋಲು ಹಿಡಿದು ನಡೆದದ್ದು ಹೀಗೆ. ಹಳೆಯ ಕಲೆಗೆ ಹೊಸ ಕಥೆ ಹೊಂದುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ವೀರಣ್ಣನವರನ್ನೂ ಕಳೆದುಕೊಂಡೆವು.

ಕಥೆ ಬೇರೆ, ಚರಿತ್ರೆ ಬೇರೆ. ಹಾಗಾದರೆ?

ನಮ್ಮ ಪರಿಚಯದ ಮೇಷ್ಟ್ರೊಬ್ಬರು ಕೇಳಿದರು: "ಈ ಕಥೆಗಳಲ್ಲಿ ಎಷ್ಟು ನಿಜ, ಎಷ್ಟು ಕಟ್ಟಿದ್ದು? ಮಕ್ಕಳಿಗೆ ತಪ್ಪು ಚರಿತ್ರೆ ಕಲಿಸಿದಂತೆ ಆಗೋದಿಲ್ವ?"

ಒಳ್ಳೆಯ ಪ್ರಶ್ನೆ. ಕುಮಾರರಾಮನ ಕಥೆಯನ್ನೇ ತೆಗೆದುಕೊಳ್ಳಿ. ದಿಲ್ಲಿಯ ಸೈನ್ಯ ಕಂಪ್ಲಿ ಮೇಲೆ ಯಾಕೆ ಬಂತು? ಕಥೆಯಲ್ಲಿ ಸುಲ್ತಾನನ ಮಗಳು ಕುಮಾರರಾಮನಿಗೆ ಮನಸೋತ ಎಳೆ ಬರುತ್ತದೆ. ಆದರೆ ಮೊರಾಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತ ಬೇರೆ ಮಾತು ಬರೆದಿದ್ದಾನೆ. ತುಘಲಕ್ ವಿರುದ್ಧ ಬಂಡೆದ್ದ ಬಹಾವುದ್ದೀನ್ ಓಡಿ ಬಂದು ಕಂಪ್ಲಿಯ ರಾಜನ ಮೊರೆಹೊಕ್ಕ. ರಾಜ ಅವನನ್ನು ಹಿಡಿದುಕೊಡಲಿಲ್ಲ, ಬೇರೆ ರಾಜನ ಬಳಿಗೆ ಸಾಗಿಸಿ ತಾನು ಹೋರಾಡಿ ಸತ್ತ. ಆ ರಾಜನ ಮಕ್ಕಳಲ್ಲಿ ಕೆಲವರನ್ನು ತಾನು ಕಂಡಿದ್ದಾಗಿಯೂ ಬತೂತ ಹೇಳುತ್ತಾನೆ. ಇದೆಲ್ಲ 1327ರ ಆಸುಪಾಸಿನ ಮಾತು. ಸುಮಾರು ಇನ್ನೂರು ವರ್ಷದ ನಂತರ ನಂಜುಂಡ ಕವಿ ಇದೇ ಕಥೆಯನ್ನು ಕನ್ನಡದಲ್ಲಿ ಕಾವ್ಯ ಮಾಡಿದ.

ಈ ಮೂರನ್ನೂ ಮಕ್ಕಳ ಮುಂದಿಡಿ. ಯಾರು ಹತ್ತಿರದಿಂದ ನೋಡಿದರು? ಯಾರು ಕೇಳಿ ಬರೆದರು? ಜನ ಯಾಕೆ ಕುಮಾರರಾಮನನ್ನೇ ನೆನಪಿಟ್ಟುಕೊಂಡರು? ಎಂಟನೇ ಕ್ಲಾಸಿನ ಮಕ್ಕಳು ಇದಕ್ಕೆ ತಲೆ ಕೆಡಿಸಿಕೊಂಡರೆ ಚರಿತ್ರೆ ಓದುವುದು ಹೇಗೆಂದು ಅರ್ಧ ಕಲಿತಂತೆ. ಕಥೆ ಗೊತ್ತಿಲ್ಲದ ಮಗುವಿಗೆ 1327 ಪರೀಕ್ಷೆಗೆ ಉರು ಹೊಡೆಯುವ ಅಂಕಿ ಅಷ್ಟೇ.

ಇನ್ನೊಂದು ಉದಾಹರಣೆ ಕುಡತಿನಿ ಹತ್ತಿರದ ಬೂದಿದಿಬ್ಬ. ಅದು ಹಿಡಿಂಬಾಸುರನ ಚಿತೆಯ ಬೂದಿ ಎಂದು ಹಿರಿಯರು ಹೇಳುತ್ತಿದ್ದರು. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆ ಎನ್ನುತ್ತಾರೆ. ಪುರಾತತ್ವದ ವಿದ್ವಾಂಸರು ಅಗೆದು ಪರೀಕ್ಷೆ ಮಾಡಿದಾಗ ಇಂಥ ದಿಬ್ಬಗಳು ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಆದ ಬೂದಿ ಎಂದು ತಿಳಿಯಿತು. ರೇಮಂಡ್ ಆಲ್ಚಿನ್ 1963ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದರು. ಸಂಗನಕಲ್ಲು, ತೆಕ್ಕಲಕೋಟೆ ಗುಡ್ಡಗಳಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದೆ ದನ ಸಾಕಿಕೊಂಡು ಬದುಕಿದ ಜನರ ಕಾಲದ ಗುರುತು ಅದು. ಆದರೆ ಒಂದು ಮಾತು ಗಮನಿಸಿ. ಅದು ಬೂದಿ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಏನೋ ದೊಡ್ಡದಾಗಿ ಉರಿದಿದೆ ಎಂದೂ ಗೊತ್ತಿತ್ತು. ಏನು ಉರಿಯಿತು ಎಂಬುದಕ್ಕೆ ಅವರು ಕಥೆ ಕಟ್ಟಿದರು. ಸಿರುಗುಪ್ಪ, ಕುರುಗೋಡು ಕಡೆಯ ಮೇಷ್ಟ್ರುಗಳು ಈ ಕಥೆಯಿಂದ ಶುರು ಮಾಡಿ ಸಂಗನಕಲ್ಲಿನವರೆಗೆ ಮಕ್ಕಳನ್ನು ಕರೆದೊಯ್ಯಬಹುದು.

ಒಪ್ಪಲೇಬೇಕಾದ ಕಷ್ಟದ ಮಾತು

ಎಲ್ಲ ಕಥೆಯೂ ಹಾಗೇ ಒಪ್ಪಿಸುವಂಥದ್ದಲ್ಲ. ಗಾಂಧಿನಗರದ ಕಟ್ಟೆಯ ಮೇಲೆ ಒಂದು ಹುಡುಗಿ ಕೇಳಿದಳು: "ಎಲ್ಲಾ ತಪ್ಪು ರತ್ನಾಜೀದೇ ಏನ್ರಿ? ವಯಸ್ಸಾದ ರಾಜನಿಗೆ ಅಕಿನ್ನ ಕೊಟ್ಟು ಮದುವಿ ಮಾಡಿದ್ಯಾರು?" ನಮ್ಮ ಬಳಿ ಉತ್ತರ ಇರಲಿಲ್ಲ. ಆದರೆ ಅಂಥ ಪ್ರಶ್ನೆ ಹುಟ್ಟಿಸಿದ್ದಕ್ಕೇ ಆ ಸಂಜೆ ಸಾರ್ಥಕ ಅನಿಸಿತು. ಟಿವಿ, ಮೊಬೈಲ್ ಕೂಡ ಕಥೆ ಹೇಳುತ್ತವೆ, ಆದರೆ ತಿರುಗಿ ಕೇಳಿದರೆ ಉತ್ತರ ಕೊಡುವುದಿಲ್ಲ.

ಇನ್ನೊಂದು ಮಾತು ಇದಕ್ಕಿಂತ ಭಾರವಾದದ್ದು. "ಈರಮ್ಮನ ಕಲೆ ಉಳಿಯಬೇಕು" ಎಂದು ವೇದಿಕೆಯಲ್ಲಿ ಹೇಳುವುದು ಸುಲಭ. ಯಾರು ಉಳಿಸಬೇಕು? ಬುಡ್ಗ ಜಂಗಮರ ಮಕ್ಕಳೇ? ಆ ಮಕ್ಕಳು ತಂಬೂರಿ ಹಿಡಿದು ಮನೆ ಮನೆ ಮುಂದೆ ನಿಲ್ಲುವುದನ್ನು ಬಿಟ್ಟು ಶಾಲೆಗೆ ಹೋಗಲಿ, ಡಿಗ್ರಿ ಮಾಡಲಿ ಎಂದು ಅವರ ತಾಯಂದಿರು ಬಯಸಿದರೆ ಅದರಲ್ಲಿ ತಪ್ಪೇನು? ಕಾವ್ಯ ಹಾಡಿದವರಿಗೆ ಊರು ಕೊಟ್ಟದ್ದು ಒಂದು ಮೊರ ಜೋಳ ಮತ್ತು ಹಳೇ ಬಟ್ಟೆ. ನಮ್ಮ ಮಕ್ಕಳು ಇಂಗ್ಲಿಷ್ ಮೀಡಿಯಂಗೆ ಹೋಗಲಿ, ನಿಮ್ಮ ಮಕ್ಕಳು ಪರಂಪರೆ ಕಾಯಲಿ ಎನ್ನುವುದು ನ್ಯಾಯವಲ್ಲ.

ಅದಕ್ಕೇ ಈ ಕಥೆಗಳ ಹೊರೆಯನ್ನು ಎಲ್ಲ ಮಕ್ಕಳೂ ಹಂಚಿಕೊಳ್ಳಬೇಕು ಎನ್ನುವುದು ನಮ್ಮ ಅಭಿಪ್ರಾಯ. ಕಥೆ ಕಲಿಸಲು ಬರುವ ಕಲಾವಿದರಿಗೆ ಶಾಲೆ, ಪಂಚಾಯಿತಿ ಮರ್ಯಾದೆಯ ಸಂಭಾವನೆ ಕೊಡಬೇಕು. ಹಾರ ಹಾಕಿ, ಶಾಲು ಹೊದಿಸಿ ಕಳಿಸಿದರೆ ಸಾಲದು.

ನಾಳೆಯಿಂದಲೇ ಮಾಡಬಹುದಾದದ್ದು

ಸರ್ಕಾರದ ದಾರಿ ಕಾಯಬೇಕಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ ಕಲಿಯಲ್ಲೇ ಕಥೆ, ಹಾಡಿಗೆ ಜಾಗವಿದೆ. 2020ರಿಂದ ನಡೆದಿರುವ "ಓದುವ ಬೆಳಕು" ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳು ಬರುತ್ತಿದ್ದಾರೆ. ವಾರಕ್ಕೊಂದು ಸಂಜೆ ಊರಿನ ಒಬ್ಬ ಅಜ್ಜಿಯನ್ನೋ, ಬಯಲಾಟದ ಹಿರಿಯರನ್ನೋ ಅಲ್ಲಿಗೆ ಕರೆಯಿರಿ. ಇಬ್ಬರು ಮಕ್ಕಳು ಪಕ್ಕದಲ್ಲಿ ಕುಳಿತು "ಆಮೇಲೆ?", "ಯಾಕೆ?" ಎಂದು ಕೇಳುತ್ತಿರಲಿ. ಮೂರನೆಯವರು ಮೊಬೈಲಿನಲ್ಲಿ ರೆಕಾರ್ಡ್ ಮಾಡಲಿ, ಹೇಳಿದವರನ್ನು ಕೇಳಿ, ಅವರ ಹೆಸರು, ಊರು, ತಾರೀಕು ಸೇರಿಸಲಿ. ಮುಂದಿನ ವಾರ ಅದೇ ಕಥೆಯನ್ನು ಒಂದು ಮಗು ತನ್ನ ಮಾತಿನಲ್ಲಿ ಹೇಳಲಿ. ತಪ್ಪಿದರೆ ತಪ್ಪಲಿ, ಈರಮ್ಮನೂ ಒಂದೇ ದಿನಕ್ಕೆ ಕಲಿತವರಲ್ಲ.

ಕೊನೆಗೆ, ಆ ಕಟ್ಟೆಯ ಹುಡುಗನ ಮಾತು. ಹದಿನೈದು ದಿನದ ಮೇಲೆ ಅದೇ ಓಣಿಗೆ ಹೋದಾಗ ಅವನು ತನ್ನ ಪುಟ್ಟ ತಮ್ಮನಿಗೆ ಕುಮಾರರಾಮನ ಕಥೆ ಹೇಳುತ್ತಿದ್ದ. ಬೈಚಪ್ಪನ ಹೆಸರು ಬಸಪ್ಪ ಆಗಿತ್ತು, ನೆಲಮನೆಗೆ ಒಂದು ಸುರಂಗ ಬಂದಿತ್ತು. ತಮ್ಮ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ನಾವು ತಿದ್ದಲು ಹೋಗಲಿಲ್ಲ. ಪಕ್ಕದಲ್ಲಿ ಕುಳಿತು ಕೇಳಿದೆವು: "ಮುಂದೇನಾತೋ?"