ಹೋಟೆಲು

ಮಂಗಳೂರಿನಲ್ಲಿ ‘ಹೋಟೆಲಿಗೆ ಹೋಗುವ’ ಎಂದರೆ ಕೋಣೆ ಹಿಡಿಯುವ ಮಾತಲ್ಲ. ಗೋಳಿಬಜೆಯೋ ಬನ್ಸೋ ಮುಂದಿಟ್ಟುಕೊಂಡು ಗೆಳೆಯರೊಂದಿಗೆ ಕೂರುವ ಮಾತು. ತಂಗುವ ಜಾಗಕ್ಕೆ ‘ಲಾಡ್ಜ್’ ಬೇರೆಯೇ ಇದೆ. ಫ್ರೆಂಚಿನ ‘ಓತೆಲ್’ ಇಂಗ್ಲಿಷ್ ದಾರಿಯಾಗಿ ನಮಗೆ ಬಂತು. ಅದರ ಬೇರು ಲ್ಯಾಟಿನ್ನಿನ ‘ಹೋಸ್ಪಿತಾಲೆ’, ಅಂದರೆ ಅತಿಥಿಗಳ ತಾಣ. ಹಾಸ್ಟೆಲ್, ಆಸ್ಪತ್ರೆ ಎರಡೂ ಇದೇ ಬೇರಿನವು. ಹಾಗಾಗಿ ಬಂಟ್ಸ್ ಹಾಸ್ಟೆಲ್ ವೃತ್ತ, ಹಂಪನಕಟ್ಟೆಯ ವೆನ್ಲಾಕ್ ಆಸ್ಪತ್ರೆ, ನಡುವೆ ಸಿಗುವ ಯಾವುದೇ ಚಹಾದ ಹೋಟೆಲು, ಮೂರೂ ಹೆಸರಿನಲ್ಲಿ ದಾಯಾದಿಗಳು.

ಹೋಟೆಲೆಂದರೆ ವಸತಿಗೃಹ, ಉಣ್ಣುವ ಜಾಗಕ್ಕೆ ರೆಸ್ಟೋರೆಂಟ್ ಎನ್ನಬೇಕು ಎಂದು ತಿದ್ದುವವರಿದ್ದಾರೆ. ಇಂಗ್ಲಿಷ್ ನಿಘಂಟು ಅವರ ಪರವಾಗಿದೆ, ನಿಜ. ಆದರೆ ಪದದ ತವರಿನಲ್ಲೇ ಅರ್ಥ ಒಂದಾಗಿ ನಿಂತಿಲ್ಲ: ಫ್ರಾನ್ಸಿನಲ್ಲಿ ‘ಓತೆಲ್ ದ ವಿಲ್’ ಪುರಭವನ, ಅಲ್ಲಿ ಯಾರಿಗೂ ಹಾಸಿಗೆ ಸಿಗದು, ‘ಓತೆಲ್ ದಿಯು’ ಹಳೆಯ ಆಸ್ಪತ್ರೆಗಳ ಹೆಸರು. ಇನ್ನು ‘ರೆಸ್ಟೋರೆಂಟ್’ ಕೂಡ ಮೊದಲಿಗೆ ಚೈತನ್ಯ ಕೊಡುವ ಸಾರಿನ ಹೆಸರಾಗಿತ್ತು. ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಅದನ್ನು ಬಡಿಸುವ ಜಾಗಕ್ಕೂ ಅದೇ ಅಂಟಿತು. ಅವರು ಸಾರನ್ನು ಅಂಗಡಿಯಾಗಿಸಬಹುದಾದರೆ ನಾವು ವಸತಿಯನ್ನು ಊಟವಾಗಿಸಿದ್ದು ತಪ್ಪು ಹೇಗೆ? ಅತಿಥಿಸತ್ಕಾರವೆಂಬ ಮೂಲಾರ್ಥವಂತೂ ಉಳಿದೇ ಇದೆ.

ಸಣ್ಣ, ಆಪ್ತ ಉಪಾಹಾರ ಮಂದಿರಕ್ಕೆ ‘ಬಿಸ್ಟ್ರೋ’ ಹೆಚ್ಚು ಖಚಿತವಲ್ಲವೇ ಎನ್ನಬಹುದು. ಹೊಸ ಬೋರ್ಡಿಗೆ ಅದು ಚಂದವೇ. 1814ರಲ್ಲಿ ಪ್ಯಾರಿಸ್ಸಿಗೆ ಬಂದ ರಷ್ಯನ್ ಸೈನಿಕರು ತಮ್ಮ ಭಾಷೆಯಲ್ಲಿ ‘ಬೇಗ’ ಎಂಬರ್ಥದ ‘ಬಿಸ್ತ್ರ, ಬಿಸ್ತ್ರ’ ಎಂದು ಕೂಗಿದ್ದರಿಂದ ಅದು ಹುಟ್ಟಿತೆಂಬ ಕಥೆಯನ್ನು ಮಾತ್ರ ನಂಬಬೇಡಿ: ಆ ಪದ ಅಚ್ಚಿನಲ್ಲಿ ಕಾಣುವುದೇ 1880ರ ದಶಕದಲ್ಲಿ.